ಶುಕ್ರವಾರ ಆರಾಧನೆ, ಶನಿವಾರ ಟೈಮ್‌ಶೀಟ್

ಮಸ್ಕತ್‌ನಲ್ಲಿ ನಮ್ಮ ಆರಾಧನೆ ಶುಕ್ರವಾರ. ವಾರದ ರಜೆ ಅವತ್ತು, ಭಾನುವಾರ ಎಲ್ಲರಿಗೂ ಕೆಲಸ. ರುವಿಯಲ್ಲಿ ಚರ್ಚುಗಳಿಗೆಂದೇ ಒಂದು ಆವರಣವಿದೆ. ಒಂದು ಕಡೆ ಮಲಯಾಳಂ, ಇನ್ನೊಂದು ಕಡೆ ತಮಿಳು, ಮತ್ತೊಂದು ಕಡೆ ಇಂಗ್ಲಿಷ್. ನಾವು ಕನ್ನಡದವರು ಸ್ವಲ್ಪ ಜನ. ಆರಾಧನೆ ಮುಗಿದ ಮೇಲೆ ಒಂದು ಮೂಲೆಯಲ್ಲಿ ಕೂತು ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತೇವೆ. ಹೊರಗೆ ಮತ ಪ್ರಚಾರ ಮಾಡುವಂತಿಲ್ಲ, ಇಲ್ಲಿಯ ಕಾನೂನು ಹಾಗೆ. ರಂಜಾನ್ ತಿಂಗಳಲ್ಲಿ ಹಗಲು ನಾಲ್ಕು ಜನರೆದುರು ನೀರು ಕೂಡ ಕುಡಿಯುವುದಿಲ್ಲ. ಇದರಲ್ಲಿ ನನಗೆ ಬೇಸರವೇನಿಲ್ಲ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಪ್ರವಾದಿ ಬರೆದದ್ದೂ ಅದನ್ನೇ ಅಲ್ವಾ? ಇರುವ ಊರಿಗೆ ಒಳ್ಳೆಯದನ್ನು ಬಯಸಿ, ಅದಕ್ಕಾಗಿ ಪ್ರಾರ್ಥಿಸಿ ಅಂತ.

ಫೋನ್ ಮಾಡಿದಾಗಲೆಲ್ಲ ಗದಗಿನ ಪಕ್ಕದ ನಮ್ಮ ಬೆಟಗೇರಿ ಸಭೆಯ ಹಿರಿಯರು "ಅಲ್ಲಿ ವಿಶ್ವಾಸ ಹೆಂಗ ಕಾಯ್ಕೊಂಡೀಯಪಾ?" ಎಂದು ಕೇಳುತ್ತಾರೆ. ಅವರ ಚಿಂತೆ ಚರ್ಚಿನದು. ನನಗೆ ಪರೀಕ್ಷೆ ಬಂದದ್ದು ಸೈಟ್ ಆಫೀಸಿನಲ್ಲಿ.

ಒಂದು ಕಟ್ಟಡ ಕಂಪನಿಯಲ್ಲಿ ನಾನು ಟೈಮ್‌ಕೀಪರ್ ಆಗಿದ್ದೆ. ಹೆಸರು, ಬ್ಯಾಡ್ಜ್ ನಂಬರ್, ಬಂದ ಹೊತ್ತು, ಹೋದ ಹೊತ್ತು, ಕೊನೆಯ ಕಾಲಂನಲ್ಲಿ ಓಟಿ, ಅಂದರೆ ಹೆಚ್ಚುವರಿ ದುಡಿದ ಗಂಟೆಗಳು. ಇಷ್ಟನ್ನು ತುಂಬಿ ಸಹಿ ಹಾಕುವುದು ನನ್ನ ಕೆಲಸ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಚರ್ಚು, ಮಸೀದಿ ಎಲ್ಲ ಮುಚ್ಚಿದವು, ವಿಮಾನಗಳೂ ನಿಂತವು. ಪಗಾರ ತಡವಾಗತೊಡಗಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ ಎಂಬ ನಿಯಮ ಇಲ್ಲಿದೆ. ಆ ಹೊತ್ತನ್ನು ತುಂಬಲು ನಸುಕಿನಲ್ಲೇ ಶುರುಮಾಡಿ ಕತ್ತಲಾದ ಮೇಲೂ ದುಡಿಯುತ್ತಿದ್ದರು. ಅಂಥ ದಿನಗಳಲ್ಲೇ ಮೇಲಿನವರು ನನ್ನನ್ನು ಕರೆದು, "ಎಲ್ಲರಿಗೂ 8 ಗಂಟೆ ಬರಿ, ಓಟಿ ಕಾಲಂ ಖಾಲಿ ಬಿಡು" ಎಂದರು.

ನಮ್ಮ ಸೈಟಿನಲ್ಲಿ ಸವಣೂರು ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸದವನಿದ್ದ. ಅಂಗಿ ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ತನ್ನ ಗಂಟೆಗಳನ್ನು ದಿನಾ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ. ಬೆವರಿಗೆ ಹಾಳೆಗಳು ಉಬ್ಬಿ ಅಂಕಿಗಳು ಮಸಕಾಗಿದ್ದವು. ತಿಂಗಳ ಕೊನೆಗೆ ಬಂದು "ಅಣ್ಣಾರ, ತಾಳೆ ಆಗ್ತೈತೇನ ನೋಡ್ರಿ" ಎಂದು ನನ್ನ ಮುಂದೆ ಹಿಡಿಯುತ್ತಿದ್ದ. ಅವನ ಆ ಪುಸ್ತಕ ನನ್ನ ಕಣ್ಣ ಮುಂದಿತ್ತು. ಬೈಬಲ್ಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವೂ ನೆನಪಿತ್ತು. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಕರ್ತನ ಕಿವಿಗೆ ಮುಟ್ಟಿದೆ ಎಂದು ಅಲ್ಲಿದೆ.

ಊರಲ್ಲಿ ಮನೆ ಸಾಲ ಇತ್ತು, ತಂಗಿಯ ಮದುವೆ ಬಾಕಿ ಇತ್ತು. ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಜಾಸ್ತಿ ಯೋಚಿಸಲಿಲ್ಲ. "ಮಂದಿ ಬೆವರು ಅಳಿಸಿ ಬರೂ ಪಗಾರ ನಮಗ ಬ್ಯಾಡ್ರಿ. ಕೆಲಸ ಹೋದ್ರ ಊರಿಗೆ ಬರ್ರಿ, ಏನರೆ ಮಾಡೂಣು" ಎಂದಳು.

ಮರುದಿನ ಗಂಟೆಗಳನ್ನು ಇದ್ದ ಹಾಗೆಯೇ ಬರೆದು ಸಹಿ ಹಾಕಿದೆ. "ಸರ್, ಬೇರೆ ಏನು ಹೇಳಿದರೂ ಮಾಡುತ್ತೇನೆ, ಇದೊಂದು ನನ್ನಿಂದ ಆಗದು" ಎಂದೆ. ಬೈಯಲಿಲ್ಲ. ದೂರದ ಸೈಟಿನ ಸ್ಟೋರಿಗೆ ಹಾಕಿದರು, ಇನ್‌ಕ್ರಿಮೆಂಟ್ ನಿಲ್ಲಿಸಿದರು. ಕೆಲವರಿಗೆ ಓಟಿ ಹಣ ತಿಂಗಳುಗಟ್ಟಲೆ ಕಾದ ಮೇಲೆ ಬಂತು, ಕೆಲವರಿಗೆ ಬರಲೇ ಇಲ್ಲ.

ಸಭೆಯಲ್ಲಿ ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಕೊನೆಗೆ ದೇವರು ಎರಡರಷ್ಟು ಕೊಟ್ಟದ್ದನ್ನು ಹೇಳುತ್ತಾರೆ. ನನ್ನ ಸಾಕ್ಷಿಯಲ್ಲಿ ಅದಿಲ್ಲ. ಆದರೂ ಹೇಳಬೇಕು ಅನಿಸುತ್ತದೆ, ಏಕೆಂದರೆ ಲಾಭ ಬಂದಾಗ ಮಾತ್ರ ವಿಧೇಯತೆ ಅಂದರೆ ಅದು ವ್ಯಾಪಾರವಾಗುತ್ತದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಕರ್ತನಲ್ಲಿ ಸಂತೋಷಿಸುವೆನು ಎಂದವನು ಹಬಕ್ಕೂಕ ಪ್ರವಾದಿ. ಮುಂಗಾರಿ ಹೆಸರು ಒಣಗಿ, ಹಿಂಗಾರಿ ಜೋಳವೂ ಕೈಕೊಟ್ಟ ವರ್ಷಗಳನ್ನು ಕಂಡ ಗದಗಿನ ಜನರಿಗೆ ಆ ಮಾತಿನ ಭಾರ ಚೆನ್ನಾಗಿ ಗೊತ್ತು.

ಬೆಟಗೇರಿಗೆ ಬಾಸೆಲ್ ಮಿಶನ್ ಎಂಬ ಸ್ವಿಸ್-ಜರ್ಮನ್ ಕ್ರೈಸ್ತ ಸಂಸ್ಥೆ ಬಂದದ್ದು 1841ರಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಮಿಶನ್ನಿನ ಜರ್ಮನರನ್ನು ಸೆರೆಯಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಆಗ ಸಭೆಗಳನ್ನು ಹಿಡಿದು ನಿಂತವರು ನಮ್ಮವರೇ ಆದ ಸಭಾಪಾಲಕರು, ಉಪದೇಶಿಗಳು. ನಾಳೆ ಏನಾಗುತ್ತದೋ ತಿಳಿಯದೆ ಭಾನುವಾರ ಬಾಗಿಲು ತೆರೆದವರು ಅವರು. ಸ್ಟೋರಿನಲ್ಲಿ ಒಬ್ಬನೇ ಸಿಮೆಂಟ್ ಚೀಲ ಎಣಿಸುವಾಗ ನಾನು ಅವರನ್ನು ಜಾಸ್ತಿ ನೆನೆಯುತ್ತೇನೆ.

ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ ಹೊರಟಿರುವ ತಮ್ಮಂದಿರು ಕರಾರು ಪತ್ರದ ಒಂದು ಪ್ರತಿಯನ್ನು ಮನೆಯಲ್ಲಿ ಕೊಟ್ಟು ಬನ್ನಿ. ನಿಮ್ಮ ಗಂಟೆಗಳನ್ನು ನೀವೇ ದಿನಾ ಬರೆದಿಡಿ. ಮಸ್ಕತ್ ಮುಟ್ಟಿದ ಮೇಲೆ ಶುಕ್ರವಾರ ರುವಿಗೆ ಬನ್ನಿ, ಕನ್ನಡದವರು ಎಲ್ಲಿ ಕೂರುತ್ತಾರೆ ಅಂತ ಗೇಟಿನಲ್ಲಿ ಕೇಳಿ.