ಕಚ್ಚಿತಾ ಅಪ್ಪಾ?

"ಕಚ್ಚಿತಾ ಅಪ್ಪಾ?" ಎಂದು ಹುಡುಗ ಕೇಳಿದ.

ಅಪ್ಪ ಒಂದು ಗಳಿಗೆ ಮೀನನ್ನೇ ನೋಡಿದ. "ಹೆಚ್ಚು ಕಡಿಮೆ" ಎಂದ.

ಭಾನುವಾರ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕೈಕೋಮಿಶ್ ನದಿಯ ದಂಡೆಯಲ್ಲಿ ಕಿವಿಗೆ ಬಿದ್ದ ಮಾತು. ವಾರ ಮುಗಿಯುತ್ತಾ ಬಂತು, ಇನ್ನೂ ತಲೆಯಿಂದ ಇಳಿಯುತ್ತಿಲ್ಲ. ಮೀನು ಕಲ್ಲಿನ ಮೇಲೆ ಬಡಿದುಕೊಳ್ಳುತ್ತಿತ್ತು. ಒಳ್ಳೇ ಕೋಹೋ ಸಾಲ್ಮನ್, ಮೈಮೇಲೆ ಆಗಲೇ ಕೆಂಪು ಏರುತ್ತಿತ್ತು. ಕೊಕ್ಕೆ ಸಿಕ್ಕಿಕೊಂಡಿದ್ದು ಬೆನ್ನ ರೆಕ್ಕೆಯ ಬುಡದಲ್ಲಿ. ಬಾಯಿಗೂ ಅದಕ್ಕೂ ಒಂದು ಗೇಣಿಗಿಂತ ಜಾಸ್ತಿ ದೂರ. ಇದು ಅವನ ಹೆಚ್ಚು ಕಡಿಮೆ.

ಮೊದಲೇ ಹೇಳಿಬಿಡುತ್ತೇನೆ, ಆ ಅಪ್ಪ ಕೆಟ್ಟವನೇನಲ್ಲ. ಬೆಳಿಗ್ಗೆಯಿಂದ ಪಕ್ಕದಲ್ಲೇ ಇದ್ದರು ಇಬ್ಬರೂ. ಹುಡುಗನ ದಾರ ಗೋಜಲಾದಾಗ ಬೈಯದೆ ಕಲ್ಲಿನ ಮೇಲೆ ಕೂತು ಒಂದೊಂದೇ ಸುತ್ತು ಬಿಡಿಸಿದ. ಲೈಫ್ ಜಾಕೆಟ್ಟಿನ ಪಟ್ಟಿ ಸಡಿಲಾಗಿದೆಯಾ ಅಂತ ಆಗಾಗ ಎಳೆದು ನೋಡುತ್ತಿದ್ದ. ಮೀನು ದಂಡೆಗೆ ಬಂದ ಮೇಲೆ ಬಾಲದ ಹತ್ತಿರ ಬೆರಳಿಟ್ಟು ತೋರಿಸಿದ: "ಇಲ್ಲೊಂದು ಪುಟ್ಟ ರೆಕ್ಕೆ ಇರಬೇಕಿತ್ತು, ಕತ್ತರಿಸಿದ್ದಾರೆ. ಅಂದರೆ ಹ್ಯಾಚರಿಯಲ್ಲಿ ಮರಿ ಮಾಡಿಸಿ ಬಿಟ್ಟ ಮೀನು, ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದಿದ್ದರೆ ಬಿಡಬೇಕಿತ್ತು." ಆಮೇಲೆ ಜೇಬಿನಿಂದ, ಹಿಡಿದ ಮೀನಿನ ಲೆಕ್ಕ ಬರೆಯುವ ಕ್ಯಾಚ್ ಕಾರ್ಡ್ ತೆಗೆದು, ಪೆನ್ನು ಕೊಟ್ಟು, ಅಲ್ಲೇ ಮಗನ ಕೈಯಲ್ಲೇ ಬರೆಸಿದ. ಹುಡುಗ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದ.

ಎಲ್ಲಾ ಸರಿ. ಒಂದು ಬಿಟ್ಟು.

ವಾಷಿಂಗ್ಟನ್ ರಾಜ್ಯದ ನಿಯಮದಲ್ಲಿ ಸ್ನ್ಯಾಗಿಂಗ್ ಅಂದರೆ ಏನು ಅಂತ ಚೆನ್ನಾಗಿ ಬರೆದಿದ್ದಾರೆ: ಮೀನು ತಾನಾಗಿ ಕೊಕ್ಕೆಯನ್ನು ಬಾಯಿಗೆ ತೆಗೆದುಕೊಳ್ಳದ ರೀತಿಯಲ್ಲಿ ಅದನ್ನು ಹಿಡಿಯಲು ನೋಡುವುದು. ಬೆನ್ನಿಗೆ ಸಿಕ್ಕಿದ ಮೀನನ್ನು ವಾಪಸ್ ಬಿಡಬೇಕು, ಅಷ್ಟೆ. ಆಕಸ್ಮಿಕವಾಗಿ ಸಿಕ್ಕರೂ ಬಿಡಬೇಕು. ಆಕಸ್ಮಿಕ ಎಲ್ಲರಿಗೂ ಆಗುತ್ತದೆ. ಕೋಹೋಗಳು ಗುಂಪಾಗಿ ನಿಂತ ಮಡುವಿನಲ್ಲಿ ಜಿಗ್, ಅಂದರೆ ಸೀಸದ ಗುಂಡು, ಗರಿ ಕಟ್ಟಿದ ಕೊಕ್ಕೆ, ಆಡಿಸುವಾಗ ಒಂದಲ್ಲ ಒಂದು ಸಲ ಹೊಟ್ಟೆಗೋ ಬಾಲಕ್ಕೋ ತಾಗಿಯೇ ತಾಗುತ್ತದೆ.

ಆದರೆ ಅವನ ಜಿಗ್ ನೋಡಿದ್ದೆ ನಾನು. ಮೀನು ಬಿಡಿಸುವಾಗ ಕೈಯಲ್ಲಿ ತೂಗಾಡುತ್ತಿತ್ತು. ಅರ್ಧ ಔನ್ಸಿನ ಸೀಸದ ಗುಂಡು, ಅದರ ಕುತ್ತಿಗೆಯಲ್ಲಿ ನೂಲಿನ ಸುತ್ತು, ನಾಲ್ಕು ಎಳೆ ಗುಲಾಬಿ ಗರಿ. ಉಳಿದದ್ದೆಲ್ಲ ಉದುರಿ ಹೋಗಿತ್ತು. ಒಂದು ಮೀನೂ ತಿರುಗಿ ನೋಡದಂಥ ಜಿಗ್. ಅದನ್ನೇ ಕಟ್ಟಿಕೊಂಡು ಬೆಳಿಗ್ಗೆಯಿಂದ ಎಸೆಯುತ್ತಿದ್ದ. ಬದಲಾಯಿಸಬೇಕು ಅಂತ ಅನ್ನಿಸಿಯೇ ಇರಲಿಲ್ಲ, ಯಾಕೆಂದರೆ ಅವನು ಮಾಡುತ್ತಿದ್ದ ಕೆಲಸಕ್ಕೆ ಗರಿಯ ಅಗತ್ಯವೇ ಇರಲಿಲ್ಲ.

ಜಿಗ್ ಕಟ್ಟಿ ಸಾಲ್ಮನ್ ಹಿಡಿಯುವವರಿಗೆ ಈ ಗರಿಯೇ ಸರ್ವಸ್ವ. ಮರಬೂ ಎನ್ನುತ್ತೇವೆ. ಹಿಂದೆ ಮರಬೂ ಕೊಕ್ಕರೆಯದು, ಈಗ ಬರುವುದೆಲ್ಲ ಟರ್ಕಿ ಕೋಳಿಯದು. ಒಣಗಿದ್ದಾಗ ಉಬ್ಬಿಕೊಂಡು ಪೆದ್ದುಪೆದ್ದಾಗಿ ಕಾಣುತ್ತದೆ. ಒದ್ದೆಯಾದರೆ ಕಡ್ಡಿಯಷ್ಟು ತೆಳ್ಳಗಾಗುತ್ತದೆ. ಗಾಳದ ರಾಡಿನ ತುದಿ ಎತ್ತಿದಾಗ ನೀರೊಳಗೆ ಆ ಎಳೆಗಳೆಲ್ಲ ಮೈಗೆ ಅಂಟಿಕೊಳ್ಳುತ್ತವೆ, ಬಿಟ್ಟಾಗ ನಿಧಾನಕ್ಕೆ ಅರಳುತ್ತವೆ. ಎತ್ತು, ಬಿಡು. ಎತ್ತು, ಬಿಡು. ಕೋಹೋ ಬಾಯಿ ಹಾಕುವುದು ಬಹುತೇಕ ಬಿಟ್ಟಾಗಲೇ, ಜಿಗ್ ಕೆಳಗಿಳಿಯುತ್ತಿರುವಾಗ. ಎತ್ತುವುದು ನಮ್ಮ ಕೆಲಸ. ಬೀಳುವುದು ಮೀನಿಗೆ ಬಿಟ್ಟ ಸಮಯ.

ಅದಕ್ಕೇ ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗುವವರನ್ನು ಕಂಡರೆ ನಗು ಬರುತ್ತದೆ. ಬಣ್ಣ ಬೇಕು, ಇಲ್ಲ ಅನ್ನಲ್ಲ. ನೀರು ತಿಳಿಯಾಗಿದ್ದರೆ ಕಪ್ಪು, ನೇರಳೆ, ಆಲಿವ್. ಮಳೆ ಬಂದು ಸ್ವಲ್ಪ ಕಲಕಿದರೆ ಪಿಂಕ್, ಇಲ್ಲವೇ ಶಾರ್ಟ್ರೂಸ್ ಅನ್ನುವ ಹಳದಿ ಹಸಿರು. ಚಮ್ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ನಿಗಾದರೆ ಗಾಢ ಗುಲಾಬಿ, ನೀರಿನ ಮೇಲೆ ತೇಲುವ ಫ್ಲೋಟಿನ ಕೆಳಗೆ ಕಾಲು ಔನ್ಸ್ ಜಿಗ್ ಕಟ್ಟಿ ಹೊಳೆಯ ವೇಗದಲ್ಲೇ ಹೋಗಲು ಬಿಟ್ಟರೆ ಸಾಕು, ಬೇರೇನೂ ಕುಣಿಸಬೇಕಾಗಿಲ್ಲ. ಫ್ಲೋಟಿಗೆ ಕಟ್ಟುವ ಜಿಗ್ ನೀರಲ್ಲಿ ಅಡ್ಡಡ್ಡ ಮಲಗಿ ತೂಗಬೇಕು, ದಾರದ ಗಂಟು ಜಾರಿ ಮುಂದೆ ಬಂದರೆ ಜಿಗ್ ನೆಟ್ಟಗೆ ನಿಂತುಬಿಡುತ್ತದೆ. ಎರಡು ಮೂರು ಎಸೆತಕ್ಕೊಮ್ಮೆ ಗಂಟನ್ನು ಉಗುರಿನಿಂದ ಹಿಂದಕ್ಕೆ ತಳ್ಳುವುದು ನನಗೆ ಚಟವೇ ಆಗಿಹೋಗಿದೆ.

ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ತೂಕ. ತೂಕ ಅಂದರೆ ಬೀಳುವ ವೇಗ. ನಾಲ್ಕೈದು ಅಡಿ ಆಳದ, ಓಟವಿಲ್ಲದ ಮಡುವಿಗೆ ಕಾಲು ಔನ್ಸ್ ಧಾರಾಳವಾಯಿತು. ಸ್ವಲ್ಪ ಆಳ, ಸ್ವಲ್ಪ ಓಟ ಇದ್ದರೆ 3/8 ಔನ್ಸ್, ಅಂದರೆ ಹತ್ತೂವರೆ ಗ್ರಾಂ. ನನ್ನ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಇದೇ ತೂಕ. ಅರ್ಧ ಔನ್ಸ್ ಬೇಕಾಗುವುದು ಆಳದ, ರಭಸದ ನೀರಿಗೆ. ಗರಿಯ ಬದಲು ಮೊಲದ ತುಪ್ಪಳದ ಪಟ್ಟಿ ಕಟ್ಟಿದರೆ ಅದೇ ತೂಕದ ಜಿಗ್ ಇನ್ನೂ ನಿಧಾನಕ್ಕೆ ಇಳಿಯುತ್ತದೆ. ಆದರೆ ಬಾಲ ಉದ್ದ ಬಿಟ್ಟರೆ ಕೋಹೋ ತುದಿಯನ್ನಷ್ಟೇ ಚಿವುಟಿ ಹೋಗುತ್ತದೆ. ಕತ್ತರಿ ಜೇಬಲ್ಲಿರಬೇಕು.

ಆ ಅಪ್ಪ ನಿಂತಿದ್ದ ಜಾಗ ಎದೆಮಟ್ಟದ ನೀರು, ಓಟವೇ ಇಲ್ಲ. ಅಲ್ಲಿ ಅರ್ಧ ಔನ್ಸ್ ಎಸೆದರೆ ಕಲ್ಲು ಬಿದ್ದ ಹಾಗೆ ತಳ ಸೇರುತ್ತದೆ. ಸೇರಲಿ ಅಂತಲೇ ಎಸೆಯುತ್ತಿದ್ದ. ತಳಕ್ಕೆ ಬಿಟ್ಟು, ಒಂದು ಕ್ಷಣ ತಡೆದು, ರಾಡನ್ನು ಸೊಂಟದಿಂದ ಭುಜದವರೆಗೆ ಜೋರಾಗಿ ಎಳೆದು. ಮತ್ತೆ ಬಿಟ್ಟು, ಮತ್ತೆ ಎಳೆದು. ದೂರದಿಂದ ನೋಡಿದರೆ ಅವನೂ ನಾನೂ ಮಾಡುತ್ತಿದ್ದದ್ದು ಒಂದೇ. ಇಬ್ಬರದೂ ಜಿಗ್, ಇಬ್ಬರದೂ ಒಂದೇ ಮೊನೆಯ ಕೊಕ್ಕೆ. ಸ್ನ್ಯಾಗಿಂಗ್ ತಡೆಯುವ ನಿಯಮ ಇರುವ ನೀರಿನಲ್ಲಿ ಜಿಗ್ಗಿನಂಥ, ಮುಳುಗುವ ಲೂರ್‌ಗೆ ಒಂದೇ ಮೊನೆ ಇರಬೇಕು, ಮೊನೆಗೂ ಕಾಂಡಕ್ಕೂ ಮುಕ್ಕಾಲು ಇಂಚಿಗಿಂತ ಜಾಸ್ತಿ ಅಂತರ ಇರಬಾರದು. ಸ್ಕೇಲ್ ಹಿಡಿದು ಅಳೆಯಬಹುದಾದ್ದನ್ನು ಅವನೂ ಪಾಲಿಸಿದ್ದ. ಮಣಿಕಟ್ಟನ್ನು ಅಳೆಯುವ ಸ್ಕೇಲ್ ಯಾರ ಹತ್ತಿರ ಇದೆ?

ಆಚೆ ದಂಡೆಯಿಂದ ಒಬ್ಬ ಮುದುಕ ಕೂಗಿದ. "ಅದು ಬೆನ್ನಿಗೆ ಸಿಕ್ಕಿದೆ, ಬಿಡು ಅದನ್ನ! ನಿಮ್ಮಂಥವರಿಂದಲೇ ನದಿ ಹಾಳಾಗಿದ್ದು!" ಮಾತು ಸರಿ. ಮನುಷ್ಯ ಸರಿ ಅನ್ನಿಸಲಿಲ್ಲ. ಮಗನ ಎದುರಿಗೆ ಅಪ್ಪನಿಗೆ ಹಾಗೆ ಕೂಗಿದರೆ ಯಾವ ಅಪ್ಪ ತಾನೇ ಮೀನು ಬಿಡುತ್ತಾನೆ? ಅವನ ಕಿವಿ ಕೆಂಪಾಯಿತು, ಮೀನಿನ ತಲೆಗೆ ಕಲ್ಲಿನಿಂದ ಒಂದೇ ಏಟು ಹಾಕಿ ಮುಗಿಸಿದ. ಬಿಡುವ ಮನಸ್ಸು ಎಲ್ಲೋ ಮೂಲೆಯಲ್ಲಿ ಇದ್ದಿದ್ದರೂ ಆ ಕೂಗಿಗೆ ಸತ್ತಿತು. ಆ ಮುದುಕನ ಥರದವರು ಪ್ರತಿ ನದಿಗೂ ಒಬ್ಬರು ಇರುತ್ತಾರೆ. ನ್ಯಾಯಕ್ಕಿಂತ ಗಂಟಲೇ ಅವರಿಗೆ ಮುಖ್ಯ.

ಹುಡುಗ ಮಾತ್ರ ಕಾರ್ಡು ಹಿಡಿದುಕೊಂಡು ಆ ದಂಡೆ ನೋಡಿದ, ಈ ದಂಡೆ ನೋಡಿದ. ಅಪ್ಪನ ಮುಖ ನೋಡಿದ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ನನಗೆ ನಾಟಿದ್ದು ಅದೇ. ಪ್ರಶ್ನೆ ಕೇಳುವಾಗ ಅವನಿಗೆ ಉತ್ತರ ಗೊತ್ತಿರಲಿಲ್ಲ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಕೊಕ್ಕೆ ಎಲ್ಲಿದೆ ಅಂತ ಅವನಿಗೆ ಕಾಣುತ್ತಲೇ ಇತ್ತು. ಬೆನ್ನ ಹತ್ತಿರವೇ ಕೈ ಇಟ್ಟುಕೊಂಡಿದ್ದ. ಕಂಡೂ ಕೇಳಿದ್ದು.

ಸ್ವಲ್ಪ ಹೊತ್ತಿಗೆ ಬೇಸರವಾಗಿ ನನ್ನ ಹತ್ತಿರ ಬಂದ. ಪೆಟ್ಟಿಗೆ ತೆರೆದೇ ಇತ್ತು. ಇಷ್ಟೊಂದು ಗರಿ ಯಾಕೆ ಅಂದ. ಕಪ್ಪು ನೇರಳೆಯ ಒಂದನ್ನು ತೆಗೆದು ದಂಡೆಯ ತಿಳಿನೀರಲ್ಲಿ ಮುಳುಗಿಸಿ ಎತ್ತಿ ಬಿಟ್ಟು ತೋರಿಸಿದೆ. ಮಂಡಿಯೂರಿ ನೋಡಿದ. "ಉಸಿರಾಡ್ತಿದೆ" ಎಂದ. ಎಷ್ಟೋ ಸಲ ಕಟ್ಟಿದ್ದೇನೆ ಇಂಥವನ್ನು, ಅಷ್ಟು ಸರಿಯಾದ ಮಾತು ನನಗೆ ಹೊಳೆದಿರಲಿಲ್ಲ.

ಎಸೆದು ತೋರಿಸಿದೆ. ಹಳದಿ ಬ್ರೇಡ್ ದಾರ ನೀರಿನ ಮೇಲೆ ಮಲಗಿತು. ಜಿಗ್ ಬೀಳುವಾಗ ದಾರ ಪೂರ್ತಿ ಸಡಿಲವಾದರೆ ಕಚ್ಚಿದ್ದು ಗೊತ್ತಾಗಲ್ಲ, ಬಿಗಿಯಾದರೆ ಜಿಗ್ ಬೀಳುವುದೇ ಇಲ್ಲ, ನಮ್ಮ ಕಡೆಗೆ ಜೀಕಿಕೊಂಡು ಬರುತ್ತದೆ. ನಡುವೆ ಒಂದು ಹದ ಇದೆ, ಅದನ್ನು ಬಾಯಲ್ಲಿ ಹೇಳಿಕೊಡಲಾಗದು. ಕಚ್ಚಿದರೆ ದಾರ ಒಂದು ಕೂದಲೆಳೆಯಷ್ಟು ಕುಪ್ಪಳಿಸುತ್ತದೆ, ಇಲ್ಲವೇ ಬೀಳುತ್ತಿದ್ದದ್ದು ಸುಮ್ನೆ ನಿಂತುಬಿಡುತ್ತದೆ. "ನೀವು ಎಳೆಯೋದೇ ಇಲ್ವಾ?" ಎಂದ. ತುದಿ ಮಾತ್ರ, ಅಂದೆ. ಒಂದು ಕೋಹೋ ಮುರಿದ ಮರದ ನೆರಳಿನಿಂದ ಹೊರಟು ಜಿಗ್ಗಿನ ಹಿಂದೆಯೇ ಬಂತು. ಕೋಹೋಗೆ ಈ ಚಾಳಿ ಇದೆ, ಕಾಲ ಬುಡದವರೆಗೂ ಹಿಂಬಾಲಿಸುತ್ತದೆ. ಹುಡುಗ ಉಸಿರು ಬಿಗಿಹಿಡಿದ. ಮೂತಿ ತಾಗಿತೇನೋ ಅನ್ನುವಷ್ಟು ಹತ್ತಿರ ಬಂದು, ಒಂದು ಕ್ಷಣ ನಿಂತು, ತಿರುಗಿ ಹೋಯಿತು.

"ಯಾಕೆ ಕಚ್ಚಲಿಲ್ಲ?"

"ಬೇಡ ಅನ್ನಿಸಿರಬೇಕು."

ಅವನಿಗೆ ಇದು ತಮಾಷೆ ಅನ್ನಿಸಿತು. ನಕ್ಕ. ಅಪ್ಪ ಕರೆದ, ಓಡಿದ.

ತಾನಾಗಿ ಅನ್ನುವ ಮಾತಿನ ಬಗ್ಗೆ ಈ ವಾರವೆಲ್ಲ ನನ್ನ ಜೊತೆ ನಾನೇ ಜಗಳವಾಡಿದ್ದೇನೆ. ಸಮುದ್ರ ಬಿಟ್ಟು ನದಿಗೆ ಬಂದ ಸಾಲ್ಮನ್ ಊಟ ಬಿಟ್ಟಿರುತ್ತದೆ. ಹೊಟ್ಟೆ ಮುದುಡಿ ಹೋಗಿರುತ್ತದೆ. ಹಸಿವಿಲ್ಲದ ಮೀನು ಗರಿಗೆ ಯಾಕೆ ಬಾಯಿ ಹಾಕುತ್ತದೆ? ಸಿಟ್ಟು ಅನ್ನುತ್ತಾರೆ, ಹಳೆ ಅಭ್ಯಾಸ ಅನ್ನುತ್ತಾರೆ, ದಂಡೆಯಲ್ಲಿ ತಲೆಗೊಂದು ಮಾತು. ಕೆಣಕಿ ಕೆಣಕಿ ಕಚ್ಚಿಸಿದ್ದನ್ನು ತಾನಾಗಿ ಕಚ್ಚಿದ್ದು ಅನ್ನಬಹುದಾ? ಆ ಮೀನಿನ ಬದುಕಲ್ಲಿ ತಾನಾಗಿ ಅನ್ನುವುದು ಎಷ್ಟಿದೆ? ಹ್ಯಾಚರಿಯ ತೊಟ್ಟಿಯಲ್ಲಿ ಹುಟ್ಟಿದ್ದು, ಬೆರಳುದ್ದ ಇರುವಾಗಲೇ ರೆಕ್ಕೆ ಕತ್ತರಿಸಿಕೊಂಡಿದ್ದು ಅದರ ಇಷ್ಟವಲ್ಲ. ಸಿಯಾಟಲ್ ಸುತ್ತಮುತ್ತಲ ಹಳ್ಳಗಳಲ್ಲಿ ಮಳೆ ಬಂದ ಕೂಡಲೇ ಕೋಹೋಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ವರ್ಷಗಟ್ಟಲೆ ಹುಡುಕಿದ ಮೇಲೆ 2020ರಲ್ಲಿ ಕಾರಣ ಸಿಕ್ಕಿತು. ಟೈರಿಗೆ ಸೇರಿಸುವ ಒಂದು ರಾಸಾಯನಿಕ ಓಝೋನ್ ತಾಗಿ 6ಪಿಪಿಡಿ ಕ್ವಿನೋನ್ ಆಗುತ್ತದೆ, ರಸ್ತೆಯ ಮಳೆನೀರಿನ ಜೊತೆ ಹಳ್ಳ ಸೇರುತ್ತದೆ. ನಾನು ನದಿಗೆ ಕಾರಿನಲ್ಲೇ ಹೋಗುತ್ತೇನೆ. ಆ ಅಪ್ಪನೂ ಕಾರಿನಲ್ಲೇ ಬಂದಿದ್ದ. ನದಿ ಹಾಳಾಗಿದ್ದು ಯಾರಿಂದ ಅಂತ ಕೂಗಿದ ಆ ಮುದುಕನೂ ನಡೆದುಕೊಂಡೇನೂ ಬಂದಿರಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಬೆನ್ನಿಗೆ ಸಿಕ್ಕಿದ ಒಂದು ಕೋಹೋ ಯಾವ ಲೆಕ್ಕ ಅನ್ನಿಸಬೇಕು. ನನಗೆ ಹಾಗೆ ಅನ್ನಿಸುತ್ತಿಲ್ಲ. ನನ್ನ ಜಿಗ್ಗಿನ ಹಿಂದೆ ಬಂದ ಮೀನು ವಾಪಸ್ ಹೋಗಬಹುದಿತ್ತು, ಹೋಯಿತು. ಆ ಅಪ್ಪನ ಕೊಕ್ಕೆಯ ದಾರಿಯಲ್ಲಿದ್ದ ಮೀನು ಸುಮ್ಮನೆ ನಿಂತಿತ್ತು. ಸಿಕ್ಕಿದ ಮೇಲೆ ಎರಡರದೂ ಗತಿ ಒಂದೇ ಇರಬಹುದು. ಗಾಳ ಹಾಕುವವನಿಗೆ ಆ ಮೊದಲಿನದೇ ಆಟ. ಅದನ್ನು ತೆಗೆದರೆ ಉಳಿಯುವುದು ಮಾಂಸ, ಅದಕ್ಕೆ ಚಳಿಯಲ್ಲಿ ನಿಲ್ಲಬೇಕಾಗಿಲ್ಲ.

ಗೆಳೆಯನೊಬ್ಬನಿಗೆ ಹೇಳಿದರೆ, ನೀನು ಅಲ್ಲೇ ಮೀನು, ವನ್ಯಜೀವಿ ಇಲಾಖೆಗೆ ಫೋನ್ ಮಾಡಬೇಕಿತ್ತು ಅಂದ. ಕಳ್ಳಬೇಟೆ ತಿಳಿಸಲು ಒಂದು ನಂಬರ್ ಇದೆ, ನಿಜ. ದಿನಾ ಬಂದು ಚೀಲಗಟ್ಟಲೆ ಒಯ್ಯುವವರ ಮೇಲೆ ಮಾಡಲು ನಾನು ಹಿಂದೆ ಮುಂದೆ ನೋಡುವವನಲ್ಲ. ಇವನ ಮೇಲೆ ಮಾಡಬೇಕು ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ. ಗೆಳೆಯ ಒಪ್ಪಲಿಲ್ಲ. ಮಗು ಜೊತೆಗಿದ್ದರೆ ಕಾನೂನು ಬೇರೆಯಾ ಅಂತ ಕೇಳಿದ. ಬೇರೆಯಲ್ಲ ಅಂದೆ. ವಾದ ಅಲ್ಲಿಗೇ ನಿಂತಿದೆ, ಮುಂದಿನ ಸಲ ಸಿಕ್ಕಾಗ ಮತ್ತೆ ಶುರುವಾಗುತ್ತದೆ.

ಹೊರಡುವಾಗ ಹುಡುಗನ ಕೈಗೆ ಆ ಕಪ್ಪು ನೇರಳೆ ಜಿಗ್ ಕೊಟ್ಟೆ. ಅಪ್ಪ ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಥ್ಯಾಂಕ್ಸ್ ಅಂದ, ಆಮೇಲೆ ಮೆಲ್ಲಗೆ, "ತುಂಬಾ ಹಗುರ ಆಯ್ತಲ್ವಾ ಇದು?" ಎಂದ. ವ್ಯಂಗ್ಯ ಇರಲಿಲ್ಲ. ನಿಜಕ್ಕೂ ಕೇಳಿದ. ಬೀಳಲು ಬಿಡಿ, ಅವಸರ ಮಾಡಬೇಡಿ ಅಂದೆ. ತಲೆಯಾಡಿಸಿದ.

ಶನಿವಾರಕ್ಕೆ ಮಳೆ ಅಂತೆ. ನೀರು ಏರಿದರೆ ಆ ಮಡುವಿನಲ್ಲಿ ಒತ್ತಾಗಿ ನಿಂತ ಮೀನೆಲ್ಲ ಮೇಲಕ್ಕೆ ಹೊರಡುತ್ತವೆ, ತಳದಲ್ಲಿ ಎಳೆಯುವವರಿಗೆ ಕಲ್ಲು ಬಿಟ್ಟರೆ ಏನೂ ಸಿಗದು. ನಾನು ಪಿಂಕ್ ಮರಬೂ ಕಟ್ಟುತ್ತಾ ಕೂತಿದ್ದೇನೆ, 3/8 ಔನ್ಸಿನದೇ, ಸ್ವಲ್ಪ ದಟ್ಟವಾಗಿ.