ಅಲ್ರಿ, ರಕ್ತ ಕುಡಿಯೋ ದೆವ್ವ ನೋಡಿ ನಗೋದ್ ಹೆಂಗ?

ಮದುವಿ ಮನ್ಯಾಗ, ಆಫೀಸಿನ ಚಾ ಟೈಮಿನ್ಯಾಗ, ಒಮ್ಮೊಮ್ಮೆ ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ಸಿನ್ಯಾಗ ಬರುವಾಗ ಬಾಜೂಕ ಕುಂತಾವ್ರು ನನ್ನ ಮೊಬೈಲ್ ಇಣುಕಿ ನೋಡಿನೂ ಕೇಳೋ ಪ್ರಶ್ನೆ ಒಂದ. ಅಲ್ರಿ ಸರ್, ರಕ್ತ ಕುಡಿಯೋ ದೆವ್ವದ ಸೀರಿಯಲ್ ನೋಡಿ ಹಿಂಗ ನಗಾಕತ್ತೀರಲ್ಲ, ಅದರಾಗ ನಗೋವಂಥಾದ್ದು ಏನೈತಿ? ನವನಗರ ಬರೂದ್ರಾಗ ಹೇಳಿ ಮುಗಸೋ ಉತ್ತರ ಅಲ್ಲ ಅದು, ಅದಕ್ಕ ಇಲ್ಲಿ ಬರೀತೀನಿ.

ನೋಡ್ರಿ, ನಮ್ಮ ಕಡಿ ದೆವ್ವಕ್ಕ ಒಂದು ಕಾರಣ ಇರತೈತಿ. ಸೇಡಿರಬೇಕು, ಇಲ್ಲಾಂದ್ರ ಏನರ ಆಸೆ ಉಳದಿರಬೇಕು. ಬಡಕೊಂಡದ್ದನ್ನ ಬಿಡಸ್ತಾರ, ಮಾಡೋ ಕಾರ್ಯ ಸರಿಯಾಗಿ ಮಾಡ್ತಾರ, ಅದು ತನ್ನ ದಾರಿ ಹಿಡದು ಹೋಗತೈತಿ, ಅಲ್ಲಿಗೆ ಕತಿ ಮುಗೀತು. ಈ ರಕ್ತ ಕುಡಿಯೋ ದೆವ್ವ, ಅಂದ್ರ ವ್ಯಾಂಪೈರ್, ಎಲ್ಲಿಗೂ ಹೋಗಂಗಿಲ್ಲ. ನೂರಾರು ವರ್ಷ ಇಲ್ಲೇ ಇರಬೇಕಂದ್ಮ್ಯಾಲೆ ಮನಿ ಬೇಕು, ಬಾಡಿಗಿ ಕಟ್ಟಬೇಕು, ಕೂಡಿ ಇರೋರ ಜೋಡಿ ಜಗಳಾಡಬೇಕು. ಸುಳ್ಳಂದ್ರ 1897ರಾಗ ಬಂದ ಬ್ರಾಮ್ ಸ್ಟೋಕರನ ಡ್ರಾಕುಲಾ ಕಾದಂಬರಿನ ತಗೀರಿ, ಅದು ಶುರು ಆಗೋದು ಏನರಿಂದ? ಮನಿ ಖರೀದಿಯಿಂದ! ಇಂಗ್ಲೆಂಡಿನ್ಯಾಗ ಡ್ರಾಕುಲಾ ಆಸ್ತಿ ತಗೋತಾನ, ಅದರ ಕಾಗದಪತ್ರ ಹಿಡಕೊಂಡು ವಕೀಲ ಅವನ ಸೀಮಿ ಟ್ರಾನ್ಸಿಲ್ವೇನಿಯಾಕ್ಕ ಹೋಗ್ತಾನ. ಆಮ್ಯಾಲೆ ಡ್ರಾಕುಲಾ ದೊರಿ ಹೊರಡೋ ಮುಂದ ತನ್ನೂರಿನ ಮಣ್ಣು ತುಂಬಿದ 50 ಪೆಟ್ಟಿಗಿ ಹಡಗಿಗೆ ಹಾಕಸ್ತಾನ, ಯಾಕಂದ್ರ ಆ ಮಣ್ಣು ಇರಲಿಲ್ಲಂದ್ರ ಸಾಹೇಬ್ರಿಗೆ ನಿದ್ದಿ ಇಲ್ಲ. ಇಷ್ಟೆಲ್ಲಾ ಲಗೇಜ್ ಕಟಗೊಂಡು ಮನಿ ಶಿಫ್ಟ್ ಮಾಡೋ ಪ್ರಾಣಿಗೆ ಹೆದರೋದು ಹೆಂಗ್ರಿ?

ಮ್ಯಾಲೆ ರೂಲ್ಸು. ಮನಿಯವರು ಒಳಗ ಬಾ ಅನ್ನೂತನಾ ಹೊಸ್ತಿಲಾ ದಾಟಂಗಿಲ್ಲ, ಕನ್ನಡ್ಯಾಗ ಕಾಣಂಗಿಲ್ಲ, ಬಳ್ಳೊಳ್ಳಿ ಆಗಂಗಿಲ್ಲ. ಬಿಸಿಲು ಬಿದ್ರ ಸಾಯೋದು ಮಾತ್ರ ಸ್ಟೋಕರನ ರೂಲ್ ಅಲ್ಲ, ಅವನ ಡ್ರಾಕುಲಾ ಹಗಲೂ ಅಡ್ಡಾಡ್ತಾನ, ಅದನ್ನ ಸೇರಿಸಿದ್ದು 1922ರ ಜರ್ಮನ್ ಮೂಕಿ ಸಿನಿಮಾ ನೊಸ್ಫೆರಾಟು. ನಮ್ಮಲ್ಲೂ ಇಂಥಾದ್ದೊಂದು ಇತ್ತು ಬಿಡ್ರಿ, 1990ರ ದಶಕದಾಗ ಬಾಗಲಿಗೆ 'ನಾಳೆ ಬಾ' ಅಂತ ಬರಸ್ತಿದ್ರಲ್ಲ. ಪಾಪ ಆ ದೆವ್ವ ದಿನಾ ಬಂದು ಓದಿ, ಹೌದಲ್ಲ ನಾಳೆ ಬರಬೇಕಂತ ವಾಪಸ್ ಹೋಗಬೇಕು. ಅದರ ಮ್ಯಾಲೆ ಆಗಲೇ ಯಾರರ ಒಂದು ಕಾಮಿಡಿ ಸೀರಿಯಲ್ ಮಾಡಬೇಕಿತ್ತು, ನಮ್ಮವರು ಮಾಡಲಿಲ್ಲ.

ನ್ಯೂಜಿಲೆಂಡಿನವರು ಮಾಡಿದ್ರು. 2014ರಾಗ ತೈಕಾ ವೈಟಿಟಿ, ಜೆಮೈನ್ ಕ್ಲೆಮೆಂಟ್ ಕೂಡಿ ವಾಟ್ ವಿ ಡೂ ಇನ್ ದಿ ಶ್ಯಾಡೋಸ್ ಅಂತ ಸಿನಿಮಾ ತಗದ್ರು. ವೆಲ್ಲಿಂಗ್ಟನ್ನಿನ್ಯಾಗ ಒಂದ ಮನ್ಯಾಗ ಇರೋ ವ್ಯಾಂಪೈರ್‌ಗೋಳು, ಒಬ್ಬಾಂವ ಐದು ವರ್ಷದಿಂದ ಭಾಂಡೆ ತಿಕ್ಕಿಲ್ಲಂತ ಮೀಟಿಂಗ್! ನಾವು ಇದನ್ನ ನೋಡಿದ್ದು ಸಪ್ತಾಪುರದ ರೂಮಿನ್ಯಾಗ, ಎಕ್ಸಾಮಿಗೆ ಓದೋ ಹುಡುಗ್ರು, ಮೂಲ್ಯಾಗ ನಮ್ಮ ಕುಕ್ಕರ್ ಮುಂಜಾನಿಂದ ಹಂಗ ಬಿದ್ದಿತ್ತು, ಯಾರೂ ಯಾರ ಮಾರಿ ನೋಡಲಿಲ್ಲ. ಇನ್ನೊಂದು ಸೀನಿನ್ಯಾಗ ವಿಯಾಗೋ ಅನ್ನೋ ವ್ಯಾಂಪೈರ್ ರಕ್ತ ಕುಡಿಯಾಕ ಕರಕೊಂಡ ಬಂದ ಹುಡುಗಿನ ಸೋಫಾದ ಮ್ಯಾಲೆ ಕುಂದ್ರಿಸಿ, ರಕ್ತದ ಕಲಿ ಆಗಬಾರದಂತ ಮೊದಲ ನೀಟಾಗಿ ಪೇಪರ್ ಹಾಸ್ತಾನ. ಕೊಲ್ಲಾಕ ಹೇಸಂಗಿಲ್ಲ, ಸೋಫಾ ಹೊಲಸಾಗೂದಕ್ಕ ಹೆದರ್ತಾನ. ಕ್ಲಬ್ಬಿನ ಬಾಗಲಾಗ ನಿಂತು ಬೌನ್ಸರಿಗೆ 'ಒಳಗ ಬರ್ರಿ ಅನ್ರಿ' ಅಂತ ಗೋಗರೀತಾರ.

ಅದ ಹೆಸರಿನ ಟಿವಿ ಸೀರಿಯಲ್ 2019ರಿಂದ 2024ರ ತನಕ ಆರು ಸೀಸನ್ ಬಂತು, ಈ ಸಲ ಮನಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ್ಯಾಗ, ವ್ಯಾಂಪೈರ್‌ಗೋಳೂ ಬ್ಯಾರೇ. ನನ್ನ ಕೇಳಿದ್ರ ಈ ಜೋಕಿಗೆ ಸಿನಿಮಾಕ್ಕಿಂತ ಟಿವಿನ ಛಲೋ, ಯಾಕಂದ್ರ ಸಿನಿಮಾದಾಗ ಕಡೀಕ ಏನರ ಆಗಲೇಬೇಕು, ಟಿವ್ಯಾಗ ಏನೂ ಆಗದ ಹಂಗ ಮುಂದಿನ ವಾರ ಬರಬೇಕು, ಸಾಯದವರಿಗೆ ಅದಕಿಂತ ಸರಿಯಾದ ಜಾಗಾ ಯಾವ್ದೈತಿ? ಹೊಸ ಜಗತ್ತು ಗೆಲ್ಲರಿ ಅಂತ ಹಿರಿ ವ್ಯಾಂಪೈರ್ ಹುಕುಂ ಕೊಟ್ರ ಇವರು ಗೆಲ್ಲಾಕ ಶುರು ಮಾಡೋದು ಊರಿನ ಕೌನ್ಸಿಲ್ ಸಭಾದಿಂದ. ನಮ್ಮ ಪಾಲಿಕಿ ಸಭಾ ಒಮ್ಮೆರ ನೋಡಿದವ್ರಿಗೆ ಇದಕ್ಕ ವಿವರಣಿ ಬ್ಯಾಡ.

ಅಲ್ಲೇ ಕಾಲಿನ್ ರಾಬಿನ್ಸನ್ ಅಂತ ಒಬ್ಬಾಂವ ಅದಾನ. ಇಂವನೂ ವ್ಯಾಂಪೈರ್, ಆದ್ರ ರಕ್ತ ಕುಡಿಯಾಂವ ಅಲ್ಲ, ಆಫೀಸಿನ್ಯಾಗ ಬಾಜೂದವ್ರ ಟೇಬಲ್ಲಿಗೆ ಬಂದು ನಿಂತು ಸಪ್ಪನ ಮಾತು ಹಚ್ಚಿ ಅವರ ಜೀವನ ಹೀರ್ತಾನ, ಅವರು ಆಕಳಿಸಿ ಕುಸಿಯೋದು, ಇವನ ಕಣ್ಣು ಹೊಳಿಯೋದು. ಇಂಥಾವ್ರು ಎಷ್ಟ ಮಂದಿ ಗೊತ್ತಂತ ನಾ ಇಲ್ಲಿ ಬರದ್ರ ನಾಳಿ ಚಾಕ್ಕ ಯಾರೂ ಕರಿಯಂಗಿಲ್ಲ.

ಖರೇನ ಹೊಟ್ಟಿಗೆ ನಾಟೋದು ಗಿಯೆರ್ಮೋ. ವ್ಯಾಂಪೈರಿನ ಆಳು ಅಂವ. ಹೆಣ ಸಾಗಸ್ತಾನ, ಪರದಿ ಸರಸ್ತಾನ, ಇವತ್ತಿಲ್ಲ ನಾಳೆ ನನ್ನನ್ನೂ ವ್ಯಾಂಪೈರ್ ಮಾಡ್ತಾರಂತ ಹತ್ತು ವರ್ಷ ಕಾಯ್ದಾನ. ಹತ್ತು ವರ್ಷ ಆತು, ಮಾಲಕ ಅವನಿಗೆ ಉಡುಗೊರಿ ಕೊಡ್ತಾನ, ಬಡ್ತಿ ಅಲ್ಲ. ನನ್ನ ದೋಸ್ತ ಒಬ್ಬಾಂವ ಗದಗಿನ್ಯಾಗ ಅತಿಥಿ ಉಪನ್ಯಾಸಕ, ಆ ಎಪಿಸೋಡ್ ನೋಡ್ತಾ ನೋಡ್ತಾ ನಕ್ಕೋತ ಇದ್ದಾಂವ ಒಮ್ಮೆಲೆ ವಿಡಿಯೋ ನಿಲ್ಲಿಸಿ, 'ಲೇ ಇವನಿಗೆ ಬ್ಯಾಸಗಿ ರಜಾದಾಗರ ಪಗಾರ ಕೊಡ್ತಾರೇನು ಕೇಳು' ಅಂದ.

ಎಲ್ಲಾ ವ್ಯಾಂಪೈರ್ ಕಾಮಿಡಿನೂ ಛಲೋ ಅಂತಲ್ಲ. ಕರಿ ಕೋಟು, ಉದ್ದ ಹಲ್ಲು, ಡೊಂಕ ಇಂಗ್ಲಿಷ್, ಇಷ್ಟರ ಮ್ಯಾಲೆ ನಡಸೋವು ಹತ್ತು ನಿಮಿಷಕ್ಕ ಬ್ಯಾಸರ ಆಗತಾವ. ನೀವು ಒಂದ ಎಪಿಸೋಡ್ ನೋಡಾವ್ರಿದ್ರ ಇದ ಶ್ಯಾಡೋಸ್ ಸೀರಿಯಲ್ಲಿನ ಎರಡನೇ ಸೀಸನ್ನಿನ 'ಆನ್ ದಿ ರನ್' ನೋಡ್ರಿ. ಹಳೇ ಬಾಡಿಗಿ ಬಾಕಿ ಕೇಳಾಕ ಒಬ್ಬ ವ್ಯಾಂಪೈರ್ ಬರ್ತಾನ, ಆ ಪಾತ್ರ ಸ್ಟಾರ್ ವಾರ್ಸ್ ಸಿನಿಮಾದ ನಟ ಮಾರ್ಕ್ ಹ್ಯಾಮಿಲ್ ಮಾಡ್ಯಾನ. ಬಾಕಿ ಇಟ್ಟಾಂವ ಈ ಮನಿ ವ್ಯಾಂಪೈರ್ ಲಾಸ್ಲೋ, ಅಂವ ಕೊಡೋದು ಬಿಟ್ಟು ಪೆನ್ಸಿಲ್ವೇನಿಯಾಕ್ಕ ಓಡಿಹೋಗಿ ಜಾಕಿ ಡೇಟೋನಾ ಅಂತ ಹೆಸರಿಟಗೊಂಡು ಬಾರ್ ನಡಸ್ತಾನ, ಸಾಲಿ ಹುಡಿಗ್ಯಾರ ವಾಲಿಬಾಲ್ ಟೀಮಿಗೆ ಓಡಾಡ್ತಾನ. ವೇಷ ಏನಪಾ ಅಂದ್ರ ಜೀನ್ಸ್ ಪ್ಯಾಂಟು, ಬಾಯಾಗ ಒಂದು ಹಲ್ಲು ಚುಚ್ಚೋ ಕಡ್ಡಿ. ಅಷ್ಟಕ್ಕ ಬಾಡಿಗಿ ಕೇಳಾಕ ಬಂದಾಂವಗ ಗುರ್ತ ಸಿಗೂದಿಲ್ಲ. ಮನ್ಯಾಗ ಸಣ್ಣ ಹುಡುಗ್ರು, ಹಿರ್ಯಾರು ಇದ್ರ ಮಾತ್ರ ಹೆಡ್‌ಫೋನ್ ಹಾಕ್ಕೊಂಡ ನೋಡ್ರಿ, ಬೈಗುಳ ಭಾಳ ಅದಾವ.