ನೋಟೀಸು ತಲುಪುವ ದಿನ

ಡಿ.ವಿ. (ಕೌಟುಂಬಿಕ ಹಿಂಸೆಯ) ಅರ್ಜಿಯನ್ನು ಕೋರ್ಟಿಗೆ ಕೊಟ್ಟು ಎಂ.ಸಿ. ನಂಬರ್, ಅಂದರೆ ಕೋರ್ಟಿನ ಕೇಸ್ ನಂಬರ್, ಬಿದ್ದಿತೆಂದರೆ ದೊಡ್ಡ ಭಾರ ಇಳಿಯಿತೆಂಬ ಭಾವನೆ ಉಚಿತ ಕಾನೂನು ನೆರವಿನ ಸ್ವಯಂಸೇವಕರಾದ ನಮ್ಮಂಥ ಪಿ.ಎಲ್.ವಿ.ಗಳಲ್ಲಿ ಇದೆ. ಮಧ್ಯಂತರ ಆದೇಶವೂ ಸಿಕ್ಕಿದರೆ ಆ ದಿನ ಆಫೀಸಿನಲ್ಲಿ ಎಲ್ಲರ ಮುಖವೂ ಅರಳಿರುತ್ತದೆ, ಮಾಸಿಕ ವರದಿಗೆ ಒಂದು ಸಾಲು ಸೇರುತ್ತದೆ. ಆದರೆ ಅರ್ಜಿ ಕೊಟ್ಟ ಹೆಣ್ಣುಮಗಳ ಪಾಲಿಗೆ ಎಲ್ಲಕ್ಕಿಂತ ಕಠಿಣವಾದ ದಿನ ಆಗಿನ್ನೂ ಬಂದಿರುವುದಿಲ್ಲ. ನೋಟೀಸು ಮತ್ತು ಅದರೊಂದಿಗೆ ಅರ್ಜಿಯ ಪ್ರತಿ ಗಂಡನ ಕೈಸೇರುವ ದಿನ ಅದು. ಬಾಗಿಲು ಹಾಕಿದ ಕೋಣೆಯಲ್ಲಿ ಕುಳಿತು, ತಡೆದು ತಡೆದು, ಅವಳು ನಮಗೆ ಹೇಳಿದ್ದೆಲ್ಲವನ್ನೂ ಅವನು ಅಂದು ಓದುತ್ತಾನೆ. ಅವಳು ಈಗ ಎಲ್ಲಿದ್ದಾಳೆ ಎಂಬುದನ್ನೂ ಅದರಲ್ಲೇ ಓದುತ್ತಾನೆ.

ಕಾಸರಗೋಡಿನ ಉತ್ತರದ ಪಂಚಾಯತುಗಳಲ್ಲಿ ಮದುವೆಯ ಸಂಬಂಧಗಳು ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. 1956ರಲ್ಲಿ ಗಡಿ ಬಿದ್ದ ಮೇಲೂ ಪುತ್ತೂರು, ಸುಳ್ಯ, ಬಂಟ್ವಾಳಗಳಿಗೆ ಹೆಣ್ಣು ಕೊಡುವುದೂ ಅಲ್ಲಿಂದ ತರುವುದೂ ನಿಂತಿಲ್ಲ. ಹಾಗಾಗಿ ಪೆಟ್ಟು ತಿಂದು, ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ಗಡಿಯ ಈಚೆಗೆ ಬರುವವರಿಗೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯ 27ನೇ ಸೆಕ್ಷನ್ ದೊಡ್ಡ ಆಸರೆ. ಹಿಂಸೆ ನಡೆದದ್ದು ಕರ್ನಾಟಕದಲ್ಲಾದರೂ, ನೊಂದವಳು ತಾತ್ಕಾಲಿಕವಾಗಿ ನೆಲೆಸಿರುವ ಕಡೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿಯೇ ಅರ್ಜಿ ಹಾಕಬಹುದು, ಅಲ್ಲಿ ಹೊರಟ ಆದೇಶ ದೇಶವಿಡೀ ಜಾರಿಯಾಗುತ್ತದೆ. ಆದರೆ ಇಲ್ಲಿ ನೆಲೆಸಿದ್ದೇನೆ ಎಂದು ತೋರಿಸಬೇಕಾದರೆ ಎಲ್ಲಿ ಎಂದು ಹೇಳಬೇಕಾಗುತ್ತದೆ. ನಾನು ಬರೆಯಹೊರಟದ್ದು ಈ ತೊಡಕಿನ ಬಗ್ಗೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟಿದ್ದೇನೆ.

ಹೀಗೆ ಗಡಿ ದಾಟಿ ಬಂದಿದ್ದ ಒಬ್ಬಾಕೆ ತಾಯಿಯ ಮನೆಗೆ ಹೋಗಿರಲಿಲ್ಲ, ಏಕೆಂದರೆ ಗಂಡ ಮೊದಲು ಹುಡುಕುವುದು ಅಲ್ಲಿಯೇ. ಒಳನಾಡಿನಲ್ಲಿ, ತೋಟಗಳ ನಡುವೆ ಹೊಸದಾಗಿ ಮನೆ ಕಟ್ಟಿಕೊಂಡಿದ್ದ ಚಿಕ್ಕಮ್ಮನಲ್ಲಿ ಇದ್ದರು. ಆ ಮನೆಗೆ ಅವನು ಒಮ್ಮೆಯೂ ಬಂದಿರಲಿಲ್ಲ. ಅರ್ಜಿಗೆ ವಿವರಗಳನ್ನು ಬರೆದುಕೊಳ್ಳುವಾಗ ಆಕೆ ಕೇಳಿದ ಒಂದೇ ಪ್ರಶ್ನೆ, "ಚಿಕ್ಕಮ್ಮನ ಮನೆಯ ಹೆಸರು ಹಾಕಲೇಬೇಕಾ ಅಕ್ಕಾ?" ಎಂಬುದು. ಕಾನೂನು ನೆರವಿನ ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರು, ವಿಳಾಸ ಪೂರ್ತಿಯಾಗಿ ಇಲ್ಲದಿದ್ದರೆ ಅರ್ಜಿ ರಿಟರ್ನ್ ಆಗಬಹುದು, ಮತ್ತೆ ಸರಿಪಡಿಸಿ ಕೊಡುವಷ್ಟರಲ್ಲಿ ದಿನ ಹೋಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೂ ಅಂದು ಬೇಕಾಗಿದ್ದದ್ದು ವೇಗ, ಆದಷ್ಟು ಬೇಗ, ಎದುರು ಪಕ್ಷದ ಮಾತು ಕೇಳುವ ಮೊದಲೇ ಕೊಡುವ ಎಕ್ಸ್‌ಪಾರ್ಟಿ ಆದೇಶ ಬರಬೇಕು, ಆದೇಶವೊಂದಿದ್ದರೆ ವಿಳಾಸ ತಿಳಿದು ಅವನು ಮಾಡುವುದಾದರೂ ಏನು ಎಂಬ ಲೆಕ್ಕಾಚಾರ ನನ್ನದು. ಮನೆಯ ಹೆಸರು, ವಾರ್ಡು, ಪೋಸ್ಟು ಎಲ್ಲವನ್ನೂ ಬರೆದೆವು. ಆಕೆ ಮತ್ತೆ ಕೇಳಲಿಲ್ಲ. ಒಂದು ಪ್ರಶ್ನೆಯನ್ನು ಎರಡನೇ ಬಾರಿ ಕೇಳಿದ್ದಕ್ಕೇ ಪೆಟ್ಟು ತಿಂದು ಅಭ್ಯಾಸವಾದವರು ನಮ್ಮ ಎದುರಿಗೂ ಒಂದೇ ಬಾರಿ ಕೇಳುತ್ತಾರೆ ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಆದರೂ ಆ ಮೌನವನ್ನು ನಾನು ಒಪ್ಪಿಗೆಯೆಂದೇ ತೆಗೆದುಕೊಂಡೆ.

ಸೆಕ್ಷನ್ 23ರ ಅರ್ಜಿಯ ಮೇಲೆ ಮಧ್ಯಂತರ ರಕ್ಷಣಾ ಆದೇಶ ಬೇಗನೆ ಸಿಕ್ಕಿತು. ಆಕೆ ಇರುವ ಮನೆಗೆ ಅವನು ಬರಬಾರದು, ಯಾವ ರೀತಿಯಲ್ಲೂ ಸಂಪರ್ಕಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆದೇಶದ ಪ್ರತಿಯನ್ನು ಎರಡೂ ಕಡೆಯವರಿಗೆ ಮಾತ್ರವಲ್ಲದೆ ಆ ವ್ಯಾಪ್ತಿಯ ಪೊಲೀಸ್ ಸ್ಟೇಷನ್ನಿಗೂ ಉಚಿತವಾಗಿ ಕೊಡಬೇಕೆಂದು 24ನೇ ಸೆಕ್ಷನ್ ಹೇಳುತ್ತದೆ. ಕೊಡುತ್ತಾರೆ, ಆದರೆ ಪ್ರತಿ ತಯಾರಾಗಿ ಕೋರ್ಟಿನ ಕಚೇರಿಯಿಂದ ಹೊರಟು ತಪಾಲಿನಲ್ಲಿ ಸ್ಟೇಷನ್ ಮುಟ್ಟುವ ದಾರಿ ಉದ್ದವಾದದ್ದು. ಗಡಿಯಾಚೆಗೆ ಹೋದ ನೋಟೀಸು ಅದಕ್ಕಿಂತ ಬೇಗ ತಲುಪಿತ್ತು.

ಎರಡನೇ ಶನಿವಾರ, ಕೋರ್ಟಿಗೆ ರಜೆ. ಸಂಜೆ ಆಕೆಯ ಫೋನ್ ಬಂತು. "ಅವರು ಬಂದಿದ್ದಾರೆ ಅಕ್ಕಾ. ಅಂಗಳದಲ್ಲಿ ನಿಂತಿದ್ದಾರೆ" ಎಂದಷ್ಟೇ ಹೇಳಿದರು, ದನಿ ಏರಿರಲಿಲ್ಲ. ಎದುರಿನ ಮತ್ತು ಹಿಂದಿನ ಬಾಗಿಲಿಗೆ ಚಿಲಕ ಹಾಕಿ, ಮಗುವನ್ನು ಕರೆದುಕೊಂಡು ಒಳಕೋಣೆಗೆ ಹೋಗಿ, ಈ ಕರೆಯನ್ನು ಮಾತ್ರ ಕಡಿಯಬೇಡಿ, ಚಿಕ್ಕಮ್ಮನ ಫೋನಿನಿಂದ 112ಕ್ಕೆ ಕರೆ ಮಾಡಿಸಿ ಎಂದೆ. ನನ್ನ ಮನೆಯವರ ಇನ್ನೊಂದು ಫೋನಿನಿಂದ ನಾನು ಸ್ಟೇಷನ್ನಿಗೆ ಕರೆ ಮಾಡಿದೆ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ ಆದೇಶದ ಪ್ರತಿ ಇದೆಯೇ ಎಂಬುದು, ಎರಡನೆಯದು ಗಂಡ ಹೆಂಡತಿಯನ್ನು ನೋಡಲು ಬಂದಿದ್ದರಲ್ಲಿ ಕೇಸೇನು ಎಂಬುದು. ಆದೇಶವಾಗಿದೆ, ಪ್ರತಿ ನಿಮಗಿನ್ನೂ ತಲುಪಿಲ್ಲ ಎಂದು ಮಲಯಾಳದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಾಗ ಇನ್ನೊಂದು ಕಿವಿಯಲ್ಲಿ ಅಂಗಳದ ಮಾತು ಕೇಳಿಸುತ್ತಿತ್ತು.

ಅವನು ಕೂಗಾಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿದ್ದ ಅರ್ಜಿಯನ್ನು ಯಾರಿಂದಲೋ ಓದಿಸಿ ಅರ್ಥ ತಿಳಿದುಕೊಂಡು ಬಂದಿದ್ದ. ಪ್ರತಿಯನ್ನು ಕೈಯಲ್ಲಿ ಹಿಡಿದು ಒಂದೊಂದೇ ಪ್ಯಾರಾದ ವಿಷಯವನ್ನು ನೆರೆಮನೆಗಳಿಗೂ ಕೇಳುವಷ್ಟು ಗಟ್ಟಿಯಾಗಿ, ನಿಧಾನವಾಗಿ ಹೇಳುತ್ತ, "ಇದು ನೀನು ಹೇಳಿದ್ದು ಹೌದಾ? ಹೊರಗೆ ಬಂದು ಹೇಳು" ಎಂದು ಪ್ರತಿ ಬಾರಿಯೂ ನಿಲ್ಲಿಸುತ್ತಿದ್ದ. ಹೆತ್ತ ತಾಯಿಗೂ ಹೇಳದ ವಿಷಯಗಳು ಅದರಲ್ಲಿದ್ದವು. ಹಿಂಸೆಯನ್ನು ಸ್ಪಷ್ಟವಾಗಿ ವಿವರಿಸದಿದ್ದರೆ ಆದೇಶ ಸಿಗುವುದಿಲ್ಲವೆಂದು ನಾನೇ ಆಕೆಗೆ ಧೈರ್ಯ ಹೇಳಿ ಹೇಳಿಸಿದ ವಿಷಯಗಳವು. ಒಳಗಿನಿಂದ ಆಕೆಯ ಉಸಿರು ಮಾತ್ರ ಕೇಳಿಸುತ್ತಿತ್ತು, ನಡುವೆ ಒಮ್ಮೆ ಮಗು ಏನನ್ನೋ ಕೇಳಿತು, ಆಕೆ ಉತ್ತರಿಸಲಿಲ್ಲ. ಎಲ್ಲಿಯಾದರೂ ಸೋತು ಬಾಗಿಲು ತೆಗೆದಾರೋ ಎಂಬ ಭಯದಲ್ಲಿ, ನಾನಿದ್ದೇನೆ, ತೆಗೆಯಬೇಡಿ ಎಂಬ ಎರಡೇ ಮಾತನ್ನು ಹೇಳುತ್ತ ಹೋದೆ.

ವಕೀಲರ ಫೋನ್ ಸ್ವಿಚ್ ಆಫ್ ಆಗಿತ್ತು. ನೆರವಾದದ್ದು ಅವರ ಗುಮಾಸ್ತರು. ಆದೇಶವಾದ ದಿನವೇ ಅದರ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದ ಆ ಹಿರಿಯರು ಕೂಡಲೇ ವಾಟ್ಸಾಪಿನಲ್ಲಿ ಕಳುಹಿಸಿದರು, ನಾನು ಅದನ್ನು ಸ್ಟೇಷನ್ನಿಗೂ ವಾರ್ಡ್ ಮೆಂಬರಿಗೂ ಕಳುಹಿಸಿದೆ. ಮೆಂಬರ್ ಪೊಲೀಸರಿಗಿಂತ ಮೊದಲೇ ಬೈಕಿನಲ್ಲಿ ಅಲ್ಲಿಗೆ ಮುಟ್ಟಿ, ಜಗಲಿಯ ಮೆಟ್ಟಿಲಿನಲ್ಲಿ ಬಾಗಿಲಿಗೆ ಅಡ್ಡವಾಗಿ ಕುಳಿತುಬಿಟ್ಟರು. ಜೀಪು ಬಂದದ್ದು ಆಮೇಲೆ.

ಸ್ಟೇಷನ್ನಿನಲ್ಲಿ ಅಂದು ರಾತ್ರಿ ನಡೆದದ್ದೂ ಸುಲಭದ್ದಲ್ಲ. ಕೈ ಮಾಡಿಲ್ಲವಲ್ಲ, ಎಚ್ಚರಿಕೆ ಕೊಟ್ಟು ಕಳುಹಿಸೋಣ, ಮಾತಾಡಿ ಮುಗಿಸಿ ಎಂಬ ಒತ್ತಾಯವಿತ್ತು. ರಕ್ಷಣಾ ಆದೇಶವನ್ನು ಮುರಿಯುವುದೇ 31ನೇ ಸೆಕ್ಷನ್ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಇದಕ್ಕಿರುವ ಶಿಕ್ಷೆ. ಅದು ಜಾಮೀನು ರಹಿತವೂ ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದದ್ದೂ ಆಗಿದ್ದು, ನೊಂದವಳ ಹೇಳಿಕೆಯೊಂದರ ಆಧಾರದ ಮೇಲೆಯೇ ಕೋರ್ಟು ತೀರ್ಮಾನಕ್ಕೆ ಬರಬಹುದೆಂದು 32ನೇ ಸೆಕ್ಷನ್ನಿನಲ್ಲಿದೆ. ಇದನ್ನೆಲ್ಲ ನಾನು ಹೇಳುತ್ತಿರುವಾಗ, ಅಷ್ಟು ಹೊತ್ತು ಸುಮ್ಮನಿದ್ದ ಆಕೆ, "ನನಗೆ ಮಾತುಕತೆ ಬೇಡ, ಬರೆದುಕೊಳ್ಳಿ" ಎಂದರು. ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡ ಮೇಲೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಕೇಳಿಸಿಕೊಂಡು, ಒಂದು ಕಡೆ ತಿದ್ದಿಸಿ, ಅನಂತರವೇ ಸಹಿ ಹಾಕಿದರು.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಗಿದೆ. ಅರ್ಜಿಯಲ್ಲಿ ತಾಯಿಯ ಮನೆಯನ್ನು ಖಾಯಂ ವಿಳಾಸವಾಗಿ ತೋರಿಸಿ, ಈಗ ಇದೇ ಕೋರ್ಟಿನ ವ್ಯಾಪ್ತಿಯ ಸಂಬಂಧಿಕರೊಬ್ಬರಲ್ಲಿ ತಂಗಿದ್ದಾರೆಂದು ಮಾತ್ರ ಬರೆಸುತ್ತೇವೆ. ಮನೆಯ ಹೆಸರನ್ನು ಸೀಲ್ ಮಾಡಿದ ಲಕೋಟೆಯಲ್ಲಿ ಮ್ಯಾಜಿಸ್ಟ್ರೇಟರಿಗೆ ಕೊಟ್ಟು, ಎದುರುದಾರರಿಗೆ ಕೊಡಬಾರದೆಂದು ಬೇರೆಯೇ ಮನವಿ ಹಾಕುತ್ತೇವೆ. ಇದಕ್ಕೆ ಕೆಲವು ವಕೀಲರು ಇಂದಿಗೂ ಗೊಣಗುತ್ತಾರೆ. ಆಶ್ರಯಧಾಮದಲ್ಲಿರುವವರು ಬಯಸಿದರೆ ಅವರ ಗುರುತನ್ನು ಎದುರು ಪಕ್ಷಕ್ಕೆ ತಿಳಿಸಬಾರದೆಂದು ಇದೇ ಕಾಯಿದೆಯ 2006ರ ನಿಯಮಗಳಲ್ಲಿಯೇ ಇರುವಾಗ, ಚಿಕ್ಕಮ್ಮನ ಮನೆಯನ್ನು ನಂಬಿ ಬಂದವಳಿಗೆ ಅದಕ್ಕಿಂತ ಕಡಿಮೆ ರಕ್ಷಣೆ ಏಕೆ ಎಂಬುದು ಅವರಿಗೆ ನಾನು ಕೇಳುವ ಪ್ರಶ್ನೆ. ಫಾರಂ 5 ಎಂಬ ಸುರಕ್ಷತಾ ಯೋಜನೆಯ ಹಾಳೆ ಅನೇಕ ಫೈಲುಗಳಲ್ಲಿ ಖಾಲಿಯಾಗಿಯೇ ಇರುತ್ತದೆ. ಅದನ್ನು ಈಗ ಅರ್ಜಿಗಿಂತ ಮೊದಲು ತುಂಬಿಸುತ್ತೇನೆ. ಹಿಂದಿನ ಬಾಗಿಲಿಗೆ ಗಟ್ಟಿ ಚಿಲಕವಿದೆಯೇ, ಹತ್ತಿರದ ಮನೆಯಲ್ಲಿ ಯಾರಿದ್ದಾರೆ, ಮಗುವನ್ನು ಶಾಲೆಯಿಂದ ಯಾರು ಕರೆತರುತ್ತಾರೆ, ಫೋನಿನಲ್ಲಿ ಲೊಕೇಶನ್ ಆನ್ ಇದೆಯೇ, ಇದನ್ನೆಲ್ಲ ಕುಳಿತು ಬರೆಯುತ್ತೇವೆ. ಅರ್ಜಿಯ ಪ್ರತಿಯನ್ನು ಅವನೂ ಓದುತ್ತಾನೆಂಬುದನ್ನು ವಿವರ ಕೇಳುವುದಕ್ಕೆ ಮೊದಲೇ ಹೇಳುತ್ತೇನೆ. ಕೆಲವರು ಅದನ್ನು ಕೇಳಿ ಒಂದೆರಡು ವಿಷಯಗಳನ್ನು ಬಿಡುತ್ತಾರೆ, ಬಿಡುವ ಹಕ್ಕು ಅವರದು. ಆದೇಶವಾದ ದಿನವೇ ಪ್ರತಿಯನ್ನು ಪಡೆದು, ಸ್ಟೇಷನ್ನಿಗೆ ನಾನೇ ಒಯ್ದು ಕೊಟ್ಟು ರಸೀದಿ ತೆಗೆದುಕೊಳ್ಳುತ್ತೇನೆ.

ಮಾನವ ಸಾಗಣೆಯ ಪ್ರಕರಣಗಳಲ್ಲಿ ಈ ವಿಳಾಸದ ಪ್ರಶ್ನೆ ಇನ್ನೂ ಕ್ರೂರವಾದದ್ದು. ಮನೆಕೆಲಸಕ್ಕೆಂದು ಹೊರರಾಜ್ಯದಿಂದ ಕರೆತಂದು, ಸಂಬಳ ಕೊಡದೆ, ಫೋನ್ ಕಸಿದು ಕೂಡಿಹಾಕಿದ್ದ ಯುವತಿಯೊಬ್ಬಳನ್ನು ಬಿಡಿಸಿದಾಗ, ಮನೆಗೆ ಕಳುಹಿಸಿದರೆ ಕೆಲಸ ಮುಗಿಯಿತೆಂದು ಎಲ್ಲರೂ ಟಿಕೆಟಿನ ಮಾತಾಡುತ್ತಿದ್ದರು. ಅವಳನ್ನು ಕರೆತಂದ ದಲ್ಲಾಳಿ ಅವಳದೇ ಊರಿನವನು, ಅವಳ ಅಪ್ಪನಿಗೆ ಮುಂಗಡ ಕೊಟ್ಟವನೂ ಅವನೇ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ನಿನಲ್ಲಿ ಸಂತ್ರಸ್ತೆಯ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲವಾದರೂ, ಸಾಕ್ಷಿ ಹೇಳಬೇಕಾದವಳನ್ನು ದಲ್ಲಾಳಿಯ ಬಾಗಿಲಿಗೇ ಬಿಟ್ಟು ಬಂದರೆ ಕೇಸು ಅಲ್ಲಿಗೇ ಸಾಯುತ್ತದೆ. 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದೆಂದು ಹೇಳಿದಾಗ ಆ ಕೋಣೆಯಲ್ಲಿ ಹೆಚ್ಚಿನವರು ಅದನ್ನು ದೊಡ್ಡ ಕೊಲೆ ಕೇಸುಗಳಿಗೆ ಮೀಸಲಾದದ್ದೆಂದು ತಿಳಿದಿದ್ದರು. ಅರ್ಜಿ ಹಾಕಿದೆವು, ಪ್ರಯಾಣ ತಡವಾಯಿತು. ತಡವಾದದ್ದು ಒಳ್ಳೆಯದೇ ಆಯಿತೆಂದು ನನ್ನ ದೃಢವಾದ ಅಭಿಪ್ರಾಯ.

ಮೇಲಿನವರಿಂದ ನಾವು ಕೇಳುತ್ತಿರುವುದು ಹೆಚ್ಚಿನದೇನನ್ನೂ ಅಲ್ಲ. ಅರ್ಜಿಗಳ ಸಂಖ್ಯೆಯನ್ನು ಕೇಳುವ ಮಾಸಿಕ ವರದಿಯ ಫಾರಂನಲ್ಲಿ, ಸ್ಟೇಷನ್ನಿಗೆ ಆದೇಶ ತಲುಪಿದ ತಾರೀಕಿಗೂ ಒಂದು ಕಾಲಂ ಇರಲಿ. ನೋಟೀಸು ಜಾರಿಯಾಗುವುದಕ್ಕೆ ಮೊದಲು ಅರ್ಜಿದಾರಳಿಗೆ ಒಂದು ಫೋನ್ ಕರೆ ಹೋಗುವಂತಾಗಲಿ. ಹೀಗೆಂದು ಲಿಖಿತವಾಗಿ ಕೊಟ್ಟಿದ್ದೇವೆ, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದಿದೆ. ಅದು ಜಾರಿಗೆ ಬರುವ ತನಕ, ನೋಟೀಸು ಯಾವ ದಿನ ಹೊರಡುತ್ತದೆ ಎಂದು ಕೋರ್ಟಿನ ಕಚೇರಿಗೆ ನಾನೇ ಕರೆ ಮಾಡಿ ಕೇಳಿ, ಆಯಾ ಮನೆಗಳಿಗೆ ತಿಳಿಸುತ್ತಿದ್ದೇನೆ.